ಮಾರುತಿ 800 ಇಗ್ನಿಷನ್ ಸ್ವಿಚ್ ಸವೆದಿದೆ: ರಿಪೇರಿ ಮಾಡಿಸಲಾ, ಪೂರ್ತಿ ಬದಲಿಸಲಾ?

ಸಾಗರ 800

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಮಾಧಾನದಿಂದ ಓದಿ.

ನಮ್ಮದು 2003ರ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವುದು). ಅಪ್ಪ ಹೊಸದಾಗಿ ಕೊಂಡ ಗಾಡಿ. ಅವರಿಗೆ ಈಗ ಎಪ್ಪತ್ತೆಂಟು. ಓಡಿಸುವುದು ಬಿಟ್ಟಿದ್ದಾರೆ, ಆದರೆ ಪಕ್ಕದ ಸೀಟಿನಲ್ಲಿ ಕೂತು ಎಲ್ಲಿ ಗೇರ್ ಇಳಿಸಬೇಕು ಅಂತ ಈಗಲೂ ಹೇಳುತ್ತಾರೆ. ಆರ್‌ಸಿ ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೇನೆ. ಬಾಡಿ ಗಟ್ಟಿ ಇದೆ, ಇಂಜಿನ್ ಗಟ್ಟಿ ಇದೆ. ಹಾಗಾಗಿ ಮಾರಿಬಿಡಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.

ತೊಂದರೆ ಶುರುವಾಗಿದ್ದು ಮಳೆಗಾಲ ಮುಗಿದ ಮೇಲೆ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪ ಎಲ್ಲ ಬರುತ್ತವೆ, ಸೆಲ್ಫ್ (ಇಂಜಿನ್ ಸ್ಟಾರ್ಟ್ ಮಾಡುವ ಮೋಟರ್) ಮಾತ್ರ ಹೊಡೆಯುವುದಿಲ್ಲ. ಟಕ್ ಅನ್ನುವ ಸದ್ದೂ ಇಲ್ಲ. ಎರಡು ಮೂರು ಸಲ ತಿರುಗಿಸಿದ ಮೇಲೆ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ತೋರಿಸಿದೆ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತೆ ಅದೇ. ಸೆಲ್ಫ್ ಇಳಿಸಿ ಬ್ರಷ್ ಬದಲಿಸಿದರು. ಆಮೇಲೂ ಅದೇ.

ಈಚೆಗೆ ಇನ್ನೊಂದು ಸೇರಿಕೊಂಡಿದೆ. ಹಂಪ್ ಹಾರಿಸಿದರೆ ಬ್ಲೋವರ್ ಒಂದು ಕ್ಷಣ ನಿಂತು ಮತ್ತೆ ತಿರುಗುತ್ತದೆ. ಕಳೆದ ಭಾನುವಾರ ಉಡುಪಿಗೆ ಮದುವೆಗೆ ಹೊರಟಿದ್ದೆವು. ಆಗುಂಬೆ ಘಾಟಿ ಇಳಿಯುವಾಗ, ಅರ್ಧ ತಿರುವು ಮುಗಿದಿರಬೇಕು, ಒಂದು ಹೇರ್‌ಪಿನ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುತ್ತಿದ್ದಾಗ ಇಂಜಿನ್ ಆಫ್ ಆಯಿತು. ದೀಪ ಇಲ್ಲ, ಮೀಟರ್ ಇಲ್ಲ, ಏನೂ ಇಲ್ಲ. ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಹಿಂದೆ ಬಸ್ಸು ಇತ್ತು. ಅಪ್ಪ ಹ್ಯಾಂಡ್‌ಬ್ರೇಕ್ ಎಳೆದರು. ಕೀ ಸ್ವಲ್ಪ ಅಲ್ಲಾಡಿಸಿದೆ, ಎಲ್ಲ ದೀಪ ವಾಪಸ್ ಬಂತು. ಕೈ ನಡುಕ ಸೋಮೇಶ್ವರ ಬರುವವರೆಗೂ ನಿಲ್ಲಲಿಲ್ಲ.

ಮನೆಗೆ ಬಂದು ನೋಡಿದರೆ ಇಂಜಿನ್ ಓಡುತ್ತಿರುವಾಗಲೇ ಕೀ ಎಳೆದರೆ ಕೈಗೆ ಬರುತ್ತದೆ. ಈಗ ಗ್ಯಾರೇಜಿನವರು ಎರಡು ದಾರಿ ಹೇಳುತ್ತಿದ್ದಾರೆ. ಒಂದು, ಪೂರ್ತಿ ಲಾಕ್ ಸೆಟ್ ಬದಲಿಸುವುದು. ಇನ್ನೊಂದು, ಒಂದು ಟಾಗಲ್ ಸ್ವಿಚ್, ಒಂದು ಪುಶ್ ಬಟನ್ ಹಾಕಿ ಕೀ ಕಥೆಯನ್ನೇ ಮುಗಿಸುವುದು. ನಿಮ್ಮ ಅನುಭವ ಏನು?

ಹಾಸನ ವೈರಿಂಗ್

ಸಾಗರದವರೇ, ಮೊದಲು ಒಂದು ಮಾತು. ಇದು ಸರಿಯಾಗುವವರೆಗೆ ಆ ಗಾಡಿಯಲ್ಲಿ ಅಪ್ಪನನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ. ಊರೊಳಗೂ ಬೇಡ.

ನಾನು ಇಪ್ಪತ್ತೆರಡು ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ಲಕ್ಷಣ ಓದಿದರೆ ನಿಮ್ಮ ಗಾಡಿಯಲ್ಲಿ ಒಂದಲ್ಲ, ಎರಡು ತೊಂದರೆ ಇವೆ. ಎಲ್ಲರೂ ಇಗ್ನಿಷನ್ ಸ್ವಿಚ್ ಅಂತ ಒಂದೇ ಹೆಸರಲ್ಲಿ ಕರೆಯುತ್ತಾರೆ. ಆದರೆ ಅಲ್ಲಿ ಎರಡು ಸಾಮಾನು ಇವೆ. ಮುಂದೆ ಇರುವುದು ಬೀಗ. ಕೀ ಹೋಗುವ ಸಿಲಿಂಡರ್, ಸ್ಟೇರಿಂಗ್ ಹಿಡಿಯುವ ಕಬ್ಬಿಣದ ಗೂಟ, ಎಲ್ಲ ಅದರಲ್ಲಿ. ಅದರ ಹಿಂಭಾಗಕ್ಕೆ ಕೂತಿರುವ ಪ್ಲಾಸ್ಟಿಕ್ ಡಬ್ಬಿ ಇದೆಯಲ್ಲ, ಅದು ನಿಜವಾದ ಸ್ವಿಚ್. ನಾವು ಕಾಂಟ್ಯಾಕ್ಟ್ ಸೆಟ್ ಅನ್ನುತ್ತೇವೆ. ಕೀ ತಿರುಗಿಸಿದಾಗ ಬೀಗದ ಬಾಲ ಈ ಡಬ್ಬಿಯೊಳಗಿನ ತಾಮ್ರದ ಬಿಲ್ಲೆಯನ್ನು ತಿರುಗಿಸುತ್ತದೆ.

ಇಂಜಿನ್ ಓಡುವಾಗ ಕೀ ಕೈಗೆ ಬರುವುದು ಬೀಗ ಸವೆದ ಲಕ್ಷಣ. ಹಂಪ್‌ನಲ್ಲಿ ಕರೆಂಟ್ ಹೋಗುವುದು, ಸೆಲ್ಫ್ ಒಮ್ಮೆ ಹೊಡೆದು ಒಮ್ಮೆ ಹೊಡೆಯದಿರುವುದು ಹಿಂದಿನ ಡಬ್ಬಿಯ ಲಕ್ಷಣ. ಆದರೆ ಹೀಗೆ ಬಾಯಲ್ಲಿ ಹೇಳಿದ್ದನ್ನು ನಂಬಿ ಸಾಮಾನು ತರಬೇಡಿ. ಈಗಾಗಲೇ ಬ್ಯಾಟರಿ, ಬ್ರಷ್ ಅಂತ ಊಹೆಗೆ ದುಡ್ಡು ಕೊಟ್ಟಿದ್ದೀರಿ. ಒಂದು ಮಲ್ಟಿಮೀಟರ್ ತಗೊಳ್ಳಿ. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ. ಸ್ವಿಚ್‌ನ ಕಪ್ಲರ್, ಅಂದರೆ ವೈರುಗಳು ಬಂದು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಜೋಡಣೆ, ಕಾಣುತ್ತದೆ. ಕಪ್ಲರ್ ಕಳಚಬೇಡಿ, ಹಿಂದಿನಿಂದ ಮೀಟರ್ ಕಡ್ಡಿ ತೂರಿಸಿ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೆಂಪು ಕಡ್ಡಿ ಬ್ಯಾಟರಿಯಿಂದ ಬರುವ ದಪ್ಪ ವೈರಿಗೆ, ಕಪ್ಪು ಕಡ್ಡಿ ಇಗ್ನಿಷನ್‌ಗೆ ಹೋಗುವ ವೈರಿಗೆ. ಕೀ ಆನ್ ಮಾಡಿ, ಬ್ಲೋವರ್ ಫುಲ್ ಇಡಿ, ವೈಪರ್ ಹಾಕಿ. ಲೋಡ್ ಇಲ್ಲದೆ ಅಳೆದರೆ ಸತ್ತ ಸ್ವಿಚ್ಚೂ ಚೆನ್ನಾಗಿದೆ ಅಂತಲೇ ತೋರಿಸುತ್ತದೆ. ಮೀಟರ್ ತೋರಿಸುವುದು ಸ್ವಿಚ್ ಒಳಗೇ ಕಳೆದುಹೋಗುವ ವೋಲ್ಟ್. ಒಳ್ಳೆಯ ಸ್ವಿಚ್ ಆದರೆ 0.2, ಹೆಚ್ಚೆಂದರೆ 0.3 ವೋಲ್ಟ್ ಬರಬೇಕು. ಆಮೇಲೆ ಕಪ್ಪು ಕಡ್ಡಿಯನ್ನು ಸೆಲ್ಫ್ ವೈರಿಗೆ ಇಟ್ಟು, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರ ಕೈಯಲ್ಲಿ ಸ್ಟಾರ್ಟ್ ಮಾಡಿಸಿ. ಬಂದ ನಂಬರ್ ಇಲ್ಲಿ ಹಾಕಿ.

ವೈರ್ ಬಣ್ಣ ನಾನು ಬರೆಯುತ್ತಿಲ್ಲ. ಇಪ್ಪತ್ತು ವರ್ಷದ ಗಾಡಿಯಲ್ಲಿ ಯಾರು ಯಾವಾಗ ಯಾವ ವೈರ್ ಜೋಡಿಸಿದ್ದಾರೋ. ಕೀ ಆಫ್ ಇದ್ದಾಗಲೂ 12 ವೋಲ್ಟ್ ಇರುವುದು ಬ್ಯಾಟರಿ ವೈರ್, ಆನ್ ಮಾಡಿದಾಗ ಬಂದು ಸ್ಟಾರ್ಟ್ ಮಾಡುವಾಗಲೂ ಉಳಿಯುವುದು ಇಗ್ನಿಷನ್, ಸ್ಟಾರ್ಟ್‌ನಲ್ಲಿ ಮಾತ್ರ ಬರುವುದು ಸೆಲ್ಫ್. ಹೀಗೆ ಗುರುತು ಹಿಡಿಯಿರಿ.

ಕುಡ್ಲ ಝೆನ್

ಪುಶ್ ಬಟನ್ ಮಾತ್ರ ಬೇಡ ಮಾರಾಯ್ರೇ. ನಾನು ಅದನ್ನು ಮಾಡಿಸಿ ಕೆಟ್ಟವನು.

ನನ್ನ ಹಳೇ ಗಾಡಿಗೆ ಹೀಗೇ ಟಾಗಲ್, ಬಟನ್ ಹಾಕಿಕೊಟ್ಟಿದ್ದರು. ಎಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ಬೆಳಗ್ಗೆ ಮಗಳನ್ನು ಕಾಲೇಜಿಗೆ ಬಿಡಲು ಅವಸರ. ಬಟನ್ ಒತ್ತಿದೆ, ಇಂಜಿನ್ ಬಂತು, ಗೇರ್ ಹಾಕಿ ಕ್ಲಚ್ ಬಿಟ್ಟೆ. ಕೀ ಆನ್ ಮಾಡುವುದನ್ನು ಮರೆತಿದ್ದೆ. ಅಂದರೆ ಸ್ಟೇರಿಂಗ್ ಲಾಕ್ ಬಿದ್ದೇ ಇತ್ತು. ಚಕ್ರ ನೇರ ಇದ್ದ ಕಾರಣ ಹೊರಡುವಾಗ ಗೊತ್ತಾಗಲಿಲ್ಲ. ಗೇಟಿನ ಹತ್ತಿರ ಎಡಕ್ಕೆ ತಿರುಗಿಸಿದರೆ ಸ್ಟೇರಿಂಗ್ ಬರುವುದಿಲ್ಲ. ಗೇಟಿನ ಕಂಬಕ್ಕೆ ಹೊಡೆಯಿತು. ಅಂಗಳದಲ್ಲಿ ಆಗಿದ್ದಕ್ಕೆ ಬಂಪರ್ ಮಾತ್ರ ಹೋಯಿತು. ರಸ್ತೆಯಲ್ಲಿ ಆಗಿದ್ದರೆ?

ಕೀ ಮತ್ತು ಸ್ಟೇರಿಂಗ್ ಲಾಕ್ ಜೊತೆಯಾಗಿ ಕೆಲಸ ಮಾಡಬೇಕು. ಕೀ ಇಲ್ಲದೆ ಇಂಜಿನ್ ಬರುವ ಹಾಗೆ ಮಾಡಿದರೆ ಆ ಸಂಬಂಧ ತಪ್ಪುತ್ತದೆ. ಕಳ್ಳನಿಗೂ ಸುಲಭ. ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಎರಡೂ ಕೀ ತನ್ನಿ ಅನ್ನುತ್ತಾರೆ. ಬಟನ್‌ನಲ್ಲಿ ಸ್ಟಾರ್ಟ್ ಆಗುವ ಗಾಡಿ ಅಂತ ಗೊತ್ತಾದರೆ ಅವರಿಗೆ ಏನು ಉತ್ತರ ಹೇಳುವುದು?

ಸಾಗರ 800

ಕುಡ್ಲದವರೇ, ಇದನ್ನು ಓದಿ ನಿಜಕ್ಕೂ ಭಯ ಆಯಿತು. ನಾಳೆ ಬಟನ್ ಹಾಕಿಸಲು ಗಾಡಿ ಬಿಡುವುದು ಅಂತ ಇದ್ದೆ. ಗ್ಯಾರೇಜಿಗೆ ಫೋನ್ ಮಾಡಿ ಬೇಡ ಅಂದೆ.

ಹಾಸನದ ಅಣ್ಣ, ನೀವು ಹೇಳಿದ ಹಾಗೇ ಅಳೆದೆ. ತಮ್ಮ ಕೀ ತಿರುಗಿಸಿದ, ನಾನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೆಳಗೆ ಮಲಗಿದ್ದೆ.

ಬ್ಯಾಟರಿ 12.5. ಬ್ಲೋವರ್, ವೈಪರ್ ಹಾಕಿ ಇಗ್ನಿಷನ್ ವೈರಿಗೆ ಅಳೆದರೆ 1.6 ವೋಲ್ಟ್. ಕೀಯನ್ನು ಕೂದಲೆಳೆಯಷ್ಟು ಮೇಲಕ್ಕೆ ಒತ್ತಿದರೆ 0.7ಕ್ಕೆ ಬರುತ್ತದೆ, ಕೈ ಬಿಟ್ಟರೆ ಮತ್ತೆ 1.6. ಸೆಲ್ಫ್ ವೈರಿಗೆ ಇಟ್ಟು ಸ್ಟಾರ್ಟ್ ಮಾಡಿಸಿದಾಗ 3.4. ಒಂದು ಸಲ ಸೆಲ್ಫ್ ಹೊಡೆಯಲೇ ಇಲ್ಲ, ಆಗ ಮೀಟರ್ ಪೂರ್ತಿ 12ಕ್ಕೆ ಹೋಯಿತು. ಇನ್ನೊಂದು, ಕಪ್ಲರ್ ಮುಟ್ಟಿದರೆ ಬಿಸಿ ಇತ್ತು. ಐದೇ ನಿಮಿಷ ಹಾಕಿದ್ದು.

ಹಾಸನ ವೈರಿಂಗ್

ಸಿಕ್ಕಿತಲ್ಲ. ಇನ್ನು ಊಹೆ ಬೇಕಿಲ್ಲ.

1.6 ವೋಲ್ಟ್ ಅಲ್ಲೇ ಕಳೆದುಹೋಗುತ್ತಿದೆ ಅಂದರೆ ಏನು ಅಂತ ಸ್ವಲ್ಪ ಲೆಕ್ಕ ಹಾಕಿ. ಬ್ಲೋವರ್, ವೈಪರ್, ಇಂಜಿನ್ ಎಲ್ಲ ಸೇರಿ ಸುಮಾರು 10 ಆಂಪಿಯರ್ ಎಳೆದರೆ 16 ವ್ಯಾಟ್. ಹೆಬ್ಬೆರಳಷ್ಟು ಪ್ಲಾಸ್ಟಿಕ್ ಡಬ್ಬಿಯೊಳಗೆ 16 ವ್ಯಾಟಿನ ಶಾಖ. ಕಪ್ಲರ್ ಬಿಸಿ ಆಗದೆ ಇರುತ್ತದಾ? ಬಿಸಿಯಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಟರ್ಮಿನಲ್ ಸಡಿಲ ಆಗುತ್ತದೆ. ಸಡಿಲ ಆದರೆ ಇನ್ನೂ ಬಿಸಿ. ಹೀಗೆ ಒಂದು ದಿನ ಪೂರ್ತಿ ಬಿಟ್ಟುಕೊಳ್ಳುತ್ತದೆ. ಹಂಪ್‌ನಲ್ಲೋ, ಘಾಟಿಯಲ್ಲೋ.

ಸೆಲ್ಫ್ ವೈರಿನಲ್ಲಿ 3.4 ಹೋದರೆ ಸೊಲೆನಾಯ್ಡ್‌ಗೆ (ಸೆಲ್ಫ್ ಮೇಲೆ ಕೂತು ಅದಕ್ಕೆ ಕರೆಂಟ್ ಬಿಡುವ ಕಾಯಿಲ್ ಸ್ವಿಚ್) ಏಳೂವರೆ, ಎಂಟು ವೋಲ್ಟ್ ತಲುಪುತ್ತದೆ ಅಷ್ಟೇ. ಅದು ಎಳೆದರೂ ಎಳೆಯಿತು, ಇಲ್ಲದಿದ್ದರೂ ಇಲ್ಲ. ನಿಮ್ಮ ಹಳೇ ಬ್ಯಾಟರಿ ಚೆನ್ನಾಗೇ ಇದ್ದಿರಬಹುದು ಅಂತ ನನಗೆ ಬೇಜಾರು.

ಧಾರವಾಡ ಅಂಬಾಸಿಡರ್

ನಮಸ್ಕಾರ್ರೀ. ನನ್ನದು 1988ರ ಅಂಬಾಸಿಡರ್. ನಿಮ್ಮ ಮಾರುತಿಗೆ ಸಾಮಾನು ಸಿಗುತ್ತದೆ, ನನಗೆ ಸರಿ ಹೊಂದುವ ಸ್ವಿಚ್ ಹುಡುಕುವುದೇ ದೊಡ್ಡ ಕೆಲಸ. ಎರಡೂ ಗಾಡಿ ತಯಾರಿ ನಿಂತದ್ದು ಒಂದೇ ವರ್ಷ, 2014. ಮಾರುತಿ 800 ಜನವರಿಯಲ್ಲಿ, ಅಂಬಾಸಿಡರ್ ಮೇ ತಿಂಗಳಲ್ಲಿ. ಆದರೆ 800 ಎಷ್ಟು ರಸ್ತೆಗೆ ಬಂದಿದ್ದವು ಅಂದರೆ ಇವತ್ತಿಗೂ ಹಳ್ಳಿಯ ಸ್ಪೇರ್ ಅಂಗಡಿಯಲ್ಲೂ ಏನಾದರೂ ಸಿಗುತ್ತದೆ. ಅದು ನಿಮ್ಮ ಪುಣ್ಯ.

ಹಾಗಾಗಿ ನಾನು ರಿಪೇರಿ ದಾರಿ ಹಿಡಿದವನು. ಬಿಚ್ಚಿ ಒಳಗೆ ನೋಡಿದರೆ ಗ್ರೀಸ್ ಒಣಗಿ ಕಪ್ಪು ಮಸಿ ಆಗಿತ್ತು. ಹಿತ್ತಾಳೆ ಬಿಲ್ಲೆಯ ಮೇಲೆ ಕಾಂಟ್ಯಾಕ್ಟ್ ಓಡಾಡುವ ಜಾಗದಲ್ಲಿ ಬಳೆಯಷ್ಟು ತೆಳ್ಳಗೆ ಒಂದು ಗೆರೆ ಸವೆದಿತ್ತು. ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿ, ಜೀರೋ ನಂಬರ್ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿದೆ. ಜಾಸ್ತಿ ಉಜ್ಜಬಾರದು, ಮೇಲಿನ ಗಟ್ಟಿ ಪದರ ಹೋಗಿಬಿಡುತ್ತದೆ. ಕಾಂಟ್ಯಾಕ್ಟ್ ಕೆಳಗಿನ ಸ್ಪ್ರಿಂಗ್ ಸೋತಿತ್ತು, ಸ್ವಲ್ಪ ಎಳೆದು ಉದ್ದ ಮಾಡಿದೆ. ವಿದ್ಯುತ್ ಕಾಂಟ್ಯಾಕ್ಟ್‌ಗೆ ಅಂತಲೇ ಸಿಗುವ ಗ್ರೀಸ್ ಕಡ್ಡಿಯ ತುದಿಯಷ್ಟು ಹಚ್ಚಿ ಮುಚ್ಚಿದೆ. ನಾಲ್ಕು ವರ್ಷ ಆಯಿತು, ನಡೆಯುತ್ತಿದೆ.

ಆದರೆ ಸಾಹೇಬ್ರೇ, ನಿಮಗೆ ನಾನು ಇದನ್ನು ಮಾಡಿ ಅನ್ನುವುದಿಲ್ಲ. ಬೇರೆ ದಾರಿ ಇಲ್ಲದವರ ಕೆಲಸ ಇದು. ಒಳಗೆ ಗುಳಿ ಬಿದ್ದಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಎಷ್ಟು ಉಜ್ಜಿದರೂ ಆರು ತಿಂಗಳಿಗೆ ಮತ್ತೆ ಅಲ್ಲಿಗೇ ಬರುತ್ತೀರಿ. ಹೊಸದು ಸಿಗುವಾಗ ಹೊಸದೇ ಹಾಕಿ.

ಮಂಡ್ಯ ಕೀಲಿಕೈ

ಬೀಗದ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ಕೆಲಸ.

ಕಾರಿನ ಕೀ ಸಿಲಿಂಡರ್ ಒಳಗೆ ತೆಳ್ಳನೆಯ ಹಿತ್ತಾಳೆ ತಗಡುಗಳು ಸಾಲಾಗಿ ಇರುತ್ತವೆ, ಒಂದೊಂದಕ್ಕೂ ಕೂದಲಿನಂಥ ಸ್ಪ್ರಿಂಗ್. ಸರಿಯಾದ ಕೀ ಹಾಕಿದರೆ ಎಲ್ಲ ತಗಡೂ ಒಂದೇ ಮಟ್ಟಕ್ಕೆ ಬಂದು ಸಿಲಿಂಡರ್ ತಿರುಗುತ್ತದೆ. ತಿರುಗಿದ ಮೇಲೆ ಅದೇ ತಗಡುಗಳು ಕೀ ಹೊರಗೆ ಬರದ ಹಾಗೆ ಹಿಡಿಯಬೇಕು. ಇಪ್ಪತ್ತು ವರ್ಷ ದಿನಾ ನಾಲ್ಕೈದು ಸಲ ಹಾಕಿ ತೆಗೆದರೆ ತಗಡಿನ ಮೂಲೆ ಉರುಟಾಗುತ್ತದೆ, ಕೀಯ ಹಲ್ಲೂ ಸವೆಯುತ್ತದೆ. ಆಗ ಹಿಡಿಯುವ ಶಕ್ತಿ ಇರುವುದಿಲ್ಲ. ಇದು ಯಾವ ಕಂಪನಿಯ ತಪ್ಪೂ ಅಲ್ಲ, ವಯಸ್ಸು.

ಸಾಗರದವರೇ, ಎರಡನೇ ಕೀ ಎಲ್ಲಿದೆ? ಗಾಡಿ ಜೊತೆ ಬಂದದ್ದು, ಬಳಸದೇ ಇಟ್ಟದ್ದು? ಅದನ್ನು ಹುಡುಕಿ. ಹಾಕಿ ನೋಡಿ. ಅದು ಇಂಜಿನ್ ಓಡುವಾಗ ಕೈಗೆ ಬರದಿದ್ದರೆ ನಿಮ್ಮ ಬೀಗ ಇನ್ನೂ ಚೆನ್ನಾಗಿದೆ, ಸವೆದಿರುವುದು ಕೀ ಮಾತ್ರ. ಆಗ ಆ ಎರಡನೇ ಕೀಯಿಂದ ನಕಲು ಮಾಡಿಸಿ. ಸವೆದ ಕೀಯಿಂದ ಮಾಡಿಸಬೇಡಿ. ಮಿಷಿನ್ ಸವಕಳಿಯನ್ನೂ ಹಾಗೇ ನಕಲು ಮಾಡುತ್ತದೆ, ಹೊಸ ಕೀ ಹುಟ್ಟುವಾಗಲೇ ಹಳತಾಗಿರುತ್ತದೆ. ಎಷ್ಟೋ ಜನ ಇದನ್ನೇ ಮಾಡಿ ಲಾಕ್ ಸೆಟ್‌ಗೆ ದುಡ್ಡು ಸುರಿಯುತ್ತಾರೆ. ಕೀ ಜೊತೆ ಸಣ್ಣ ಬಿಲ್ಲೆಯಲ್ಲಿ ನಂಬರ್ ಕೊಟ್ಟಿದ್ದರೆ ಅದರಿಂದಲೂ ಹೊಸ ಅಳತೆಗೆ ಕತ್ತರಿಸಬಹುದು.

ಕೀ ಹೋಲಿಗೆ ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್ ಹಾಕಬೇಡಿ. ಧೂಳು ಅಂಟಿ ಒಳಗೆ ಕೆಸರು ಆಗುತ್ತದೆ. ಗ್ರಾಫೈಟ್ ಪುಡಿ ಸಿಗುತ್ತದೆ, ಅದು ಚಿಟಿಕೆ ಸಾಕು. ಸಿಗದಿದ್ದರೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಕೀಯ ಎರಡೂ ಕಡೆ ಉಜ್ಜಿ ನಾಲ್ಕು ಸಲ ಹಾಕಿ ತೆಗೆಯಿರಿ. ಆದರೆ ಪುಡಿಯನ್ನು ಸುರಿಯಬೇಡಿ. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ, ಹಿಂದಿನ ಡಬ್ಬಿಗೆ ಇಳಿಯಬಾರದು.

ಇನ್ನು ಮುಖ್ಯ ಪ್ರಶ್ನೆ. ನಿಮ್ಮ ಕೀ ಗೊಂಚಲಿನಲ್ಲಿ ಏನೇನಿದೆ?

ಸಾಗರ 800

ಗೊಂಚಲು ತೂಕದ ಯಂತ್ರದಲ್ಲಿಟ್ಟೆ. 210 ಗ್ರಾಂ. ಮನೆ ಬೀಗದ್ದು ಎರಡು, ಅಡಿಕೆ ಗೋಡೌನಿನದು ಒಂದು ದೊಡ್ಡದು, ಪಂಪ್‌ಹೌಸ್, ಬೈಕಿನದು, ಒಂದು ಹಿತ್ತಾಳೆ ಗಣಪತಿ. ಎರಡನೇ ಕೀ ಅಮ್ಮನ ಬೀರುವಿನಲ್ಲಿದೆ ಅಂತ ಅಪ್ಪ ಹೇಳುತ್ತಿದ್ದಾರೆ. ಇವತ್ತು ಹುಡುಕುತ್ತೇನೆ.

ಮಿಶಿಗನ್ ಕನ್ನಡಿಗ

ಗೊಂಚಲಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗಗಳ ಕ್ಷೇತ್ರದಲ್ಲಿ ಇದ್ದೇನೆ, ಮೂಲ ದಾವಣಗೆರೆ. ಇಲ್ಲಿ ಕೆಲಸ ಮಾಡುವ ಯಾರೂ 2014ನ್ನು ಮರೆಯುವುದಿಲ್ಲ.

ಆ ವರ್ಷ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಇಗ್ನಿಷನ್ ಸ್ವಿಚ್‌ಗಾಗಿ ವಾಪಸ್ ಕರೆಯಿತು. ಷೆವರ್ಲೆ ಕೋಬಾಲ್ಟ್ ಮುಂತಾದ ಗಾಡಿಗಳು. ಕೀ ಆನ್ ಜಾಗದಲ್ಲಿ ನಿಲ್ಲಲು ಸ್ವಿಚ್ ಒಳಗೆ ಒಂದು ಚಿಕ್ಕ ಪ್ಲಂಜರ್ ಮತ್ತು ಸ್ಪ್ರಿಂಗ್ ಇರುತ್ತದೆ. ಅದರ ಹಿಡಿತ ಕಡಿಮೆ ಇತ್ತು. ಭಾರದ ಗೊಂಚಲು ತೂಗಾಡಿದರೆ, ಗುಂಡಿಗೆ ಇಳಿದರೆ, ಮೊಣಕಾಲು ತಾಗಿದರೆ ಕೀ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ಆಫ್, ಪವರ್ ಸ್ಟೇರಿಂಗ್ ಆಫ್, ಬ್ರೇಕಿನ ಸಹಾಯ ಆಫ್. ಎಲ್ಲಕ್ಕಿಂತ ಕೆಟ್ಟದ್ದು, ಗುದ್ದಿದರೆ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. ಕಂಪನಿ ಇಟ್ಟ ಪರಿಹಾರ ನಿಧಿ ಒಪ್ಪಿಕೊಂಡ ಸಾವು 124. ಮುಂದಿನ ವರ್ಷ ಕಂಪನಿ ಅಮೆರಿಕ ಸರ್ಕಾರಕ್ಕೆ 90 ಕೋಟಿ ಡಾಲರ್ ಕೊಡಲು ಒಪ್ಪಿತು.

ನನ್ನನ್ನು ಈಗಲೂ ಕಾಡುವ ಸಂಗತಿ ಇನ್ನೊಂದು. 2006ರಲ್ಲೇ ಸ್ವಿಚ್ ಒಳಗಿನ ಪ್ಲಂಜರ್ ಬದಲಿಸಲು ಒಪ್ಪಿಗೆ ಕೊಟ್ಟಿದ್ದರು, ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ಹಾಗಾಗಿ ಹೊರಗಿನಿಂದ ನೋಡಿದರೆ ಹಳೆಯದು ಯಾವುದು, ಹೊಸದು ಯಾವುದು ಗೊತ್ತಾಗುತ್ತಿರಲಿಲ್ಲ. ತನಿಖೆ ಮಾಡಿದವರಿಗೂ ವರ್ಷಗಟ್ಟಲೆ ದಾರಿ ತಪ್ಪಿತು. ಒಂದು ನಂಬರ್ ಅಷ್ಟೇ.

ರಿಪೇರಿ ಆಗುವವರೆಗೆ ಮಾಲೀಕರಿಗೆ ಹೇಳಿದ್ದು ಏನು ಗೊತ್ತಾ? ಗೊಂಚಲು ತೆಗೆದು ಕೀ ಒಂದನ್ನೇ ಹಾಕಿ ಓಡಿಸಿ ಅಂತ. 210 ಗ್ರಾಂ ಗಣಪತಿ ಸಮೇತ ಇವತ್ತೇ ಇಳಿಸಿ ಸರ್.

ತುಮಕೂರು ಹೊಸಬ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು 2009ರ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್. ಕೀ ಕಷ್ಟಪಟ್ಟು ತಿರುಗುತ್ತದೆ, ಕೆಲವು ಸಲ ತಿರುಗುವುದೇ ಇಲ್ಲ. ನಾನೂ ಸಿಲಿಂಡರ್ ಬದಲಿಸಬೇಕಾ?

ಮಂಡ್ಯ ಕೀಲಿಕೈ

ಮೊದಲು ಇದನ್ನು ಮಾಡಿ. ಎಡಗೈಯಲ್ಲಿ ಸ್ಟೇರಿಂಗನ್ನು ಸ್ವಲ್ಪ ಆಚೆ ಈಚೆ ಅಲ್ಲಾಡಿಸುತ್ತಾ ಕೀ ತಿರುಗಿಸಿ. ಚಕ್ರ ತಿರುಗಿಸಿ ನಿಲ್ಲಿಸಿದ್ದರೆ ಲಾಕಿನ ಗೂಟದ ಮೇಲೆ ಒತ್ತಡ ಇರುತ್ತದೆ, ಆಗ ಕೀ ಬರುವುದಿಲ್ಲ. ಬಲವಂತ ಮಾಡಿ ಕೀ ಮುರಿದುಕೊಂಡವರನ್ನು ವಾರಕ್ಕೊಬ್ಬರು ನೋಡುತ್ತೇನೆ.

ಅದಕ್ಕೂ ಆಗದಿದ್ದರೆ ಕೀ ಸವೆದಿರಬಹುದು. ಆದರೆ ನಿಮ್ಮ ಗಾಡಿಯ ಕೀ ಒಳಗೆ ಚಿಪ್ ಇರುತ್ತದೆ. ಕೀ ಹೋಲಿನ ಸುತ್ತ ಉಂಗುರದ ಹಾಗೆ ಆಂಟೆನಾ ಇರುತ್ತದೆ, ಅದು ಚಿಪ್ ಓದಿದರೆ ಮಾತ್ರ ಇಂಜಿನ್‌ಗೆ ಅಪ್ಪಣೆ. ಬರೀ ಹಲ್ಲು ಕತ್ತರಿಸಿದ ಕೀ ಬಾಗಿಲು ತೆಗೆಯುತ್ತದೆ, ಇಂಜಿನ್ ಬರುವುದಿಲ್ಲ. ಹಳೇ ಕೀ ಎಸೆಯಬೇಡಿ. ಅದರ ಚಿಪ್ಪನ್ನೇ ಹೊಸ ಕೀ ಹಿಡಿಗೆ ಹಾಕಬಹುದು.

ಹಾಸನ ವೈರಿಂಗ್

ಸ್ವಿಫ್ಟಿನವರಿಗೆ ಇನ್ನೊಂದು. ನಿಮ್ಮ ಗಾಡಿಗೆ ಏರ್‌ಬ್ಯಾಗ್ ಇದ್ದರೆ ಸ್ಟೇರಿಂಗ್ ಸುತ್ತ ಮನೆಯಲ್ಲಿ ಕೈ ಹಾಕಬೇಡಿ. ಹಳದಿ ಕಪ್ಲರ್, ಹಳದಿ ವೈರ್ ಕಂಡರೆ ಮೀಟರ್ ಕಡ್ಡಿಯನ್ನೂ ತಾಗಿಸಬೇಡಿ. ಅದು ಗೊತ್ತಿರುವವರ ಕೆಲಸ.

ಚಾಮರಾಜಪೇಟೆ ಸ್ಪೇರ್ಸ್

ಸಾಗರದವರಿಗೆ. ಬೆಂಗಳೂರಿಗೆ ಬರುವವರು ಯಾರಾದರೂ ಇದ್ದರೆ ಸ್ಪೇರ್ ಅಂಗಡಿಗಳಿರುವ ಜೆ.ಸಿ. ರಸ್ತೆಯಿಂದ ತರಿಸಿಕೊಳ್ಳಿ. ಕಾಂಟ್ಯಾಕ್ಟ್ ಸೆಟ್ ಮಾತ್ರ ಬೇಕು ಅಂತ ಒತ್ತಿ ಹೇಳಬೇಕು. ಇಲ್ಲದಿದ್ದರೆ ಪೂರ್ತಿ ಲಾಕ್ ಸೆಟ್ ಕೊಟ್ಟು ಕಳಿಸುತ್ತಾರೆ. ಹಳೆಯದರ ಫೋಟೋ ತೋರಿಸಿ: ಕಪ್ಲರ್ ಕಡೆಯಿಂದ ಒಂದು, ಬೀಗದ ಬಾಲ ಹೋಗುವ ಕಡೆಯಿಂದ ಒಂದು. ಕಾರ್ಬ್ಯುರೇಟರ್ ಗಾಡಿಗೆ ಬರುವುದು, ಎಂಪಿಎಫ್‌ಐಗೆ ಬರುವುದು ಒಂದೇ ಅಂತ ಅಂಗಡಿಯವರು ಹೇಳಿದರೂ ಪಿನ್ ಎಣಿಸಿ ನೋಡಿಯೇ ದುಡ್ಡು ಕೊಡಿ. ಕೈಯಲ್ಲಿ ತಿರುಗಿಸಿದರೆ ಪ್ರತಿ ಹೆಜ್ಜೆಗೂ ಕಟ್ ಕಟ್ ಅಂತ ಸ್ಪಷ್ಟವಾಗಿ ನಿಲ್ಲಬೇಕು, ಸ್ಟಾರ್ಟ್‌ನಿಂದ ಕೈ ಬಿಟ್ಟ ತಕ್ಷಣ ವಾಪಸ್ ಚಿಮ್ಮಬೇಕು. ಗುಜರಿಯಿಂದ ಸೆಕೆಂಡ್ಸ್ ತಗೊಳ್ಳಬೇಡಿ. ಬಾಗಿಲು, ಬಂಪರ್ ಆದರೆ ಸರಿ. ಸವೆಯುವ ಸಾಮಾನನ್ನು ಸವೆದದ್ದರಿಂದಲೇ ಬದಲಿಸಿ ಏನು ಬಂತು?

ಒಂದು ವೇಳೆ ಬೀಗವೂ ಹೋಗಿದ್ದರೆ ಪೂರ್ತಿ ಸೆಟ್ ಬದಲಿಸುವ ಕೆಲಸ ಬೇರೆ. ಅದನ್ನು ಸ್ಟೇರಿಂಗ್ ಕಂಬಕ್ಕೆ ಹಿಡಿದಿರುವ ಬೋಲ್ಟುಗಳಿಗೆ ತಲೆ ಇರುವುದಿಲ್ಲ. ಕಂಪನಿಯಲ್ಲಿ ಬಿಗಿ ಮಾಡುವಾಗಲೇ ತಲೆ ಮುರಿದುಹೋಗುವ ಹಾಗೆ ಮಾಡಿರುತ್ತಾರೆ, ಕಳ್ಳ ಸ್ಪ್ಯಾನರ್ ಹಾಕಬಾರದು ಅಂತ. ಚಾಣ ಇಟ್ಟು ಓರೆಯಾಗಿ ಹೊಡೆದು ತಿರುಗಿಸಬೇಕು, ಇಲ್ಲವೇ ಡ್ರಿಲ್ ಮಾಡಬೇಕು. ಹೊಸದು ಹಾಕುವಾಗ ಅಂಥದ್ದೇ ಬೋಲ್ಟ್ ಹಾಕಿ ತಲೆ ಮುರಿಯುವವರೆಗೆ ಬಿಗಿ ಮಾಡಿಸಿ. ಸಾದಾ ಬೋಲ್ಟ್ ಹಾಕಿ ಕಳಿಸುವವರೇ ಜಾಸ್ತಿ.

ಸಾಗರ 800

ಎರಡನೇ ಕೀ ಸಿಕ್ಕಿತು! ಅಮ್ಮನ ಬೀರುವಿನಲ್ಲಿ, ಗಾಡಿಯ ಮೊದಲ ಬಿಲ್ಲಿನ ಜೊತೆ, ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು. ಒಂದು ದಿನವೂ ಬಳಸಿಲ್ಲ. ಎರಡನ್ನೂ ಬೆಳಕಿಗೆ ಹಿಡಿದು ಪಕ್ಕಪಕ್ಕ ನೋಡಿದೆ. ಹಳೆಯದರ ಹಲ್ಲು ಅಲೆಯ ಹಾಗೆ ಮೆತ್ತಗಾಗಿದೆ, ಹೊಸದರ ಮೂಲೆ ಇನ್ನೂ ಬೆರಳಿಗೆ ಚುಚ್ಚುತ್ತದೆ. ಹೊಸ ಕೀ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿ ಎಳೆದೆ. ಬರಲಿಲ್ಲ. ಹತ್ತು ಸಲ ಎಳೆದೆ, ಬರಲಿಲ್ಲ. ಅಂದರೆ ಬೀಗ ಚೆನ್ನಾಗಿದೆ. ಮಂಡ್ಯದವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಕಾಂಟ್ಯಾಕ್ಟ್ ಸೆಟ್‌ಗೆ ಭಾವನಿಗೆ ಹೇಳಿದ್ದೇನೆ, ಶನಿವಾರ ಬೆಂಗಳೂರಿನಿಂದ ತರುತ್ತಾರೆ. ಹಾಕುವಾಗ ಏನು ನೋಡಿಕೊಳ್ಳಬೇಕು?

ಹಾಸನ ವೈರಿಂಗ್

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಆ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ಸ್ಕ್ರೂಡ್ರೈವರ್ ಬಾಡಿಗೆ ತಾಗಿದರೆ ಕಿಡಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಕೀ ಯಾವ ಜಾಗದಲ್ಲಿ ಇತ್ತೋ ಹೊಸ ಡಬ್ಬಿಯ ತೂತೂ ಅದೇ ಕೋನದಲ್ಲಿ ಇರಲಿ. ಬೀಗದ ಬಾಲ ಸಲೀಸಾಗಿ ಕೂರಬೇಕು, ಸ್ಕ್ರೂ ಬಿಗಿ ಮಾಡಿ ಒತ್ತಿ ಕೂರಿಸಬಾರದು. ಗಾಡಿ ಕಡೆಯ ಕಪ್ಲರ್‌ನ ಒಳಗಿನ ಟರ್ಮಿನಲ್ ನೋಡಿ. ಸುಟ್ಟು ನೀಲಿಯಾಗಿದ್ದರೆ, ಸಡಿಲ ಇದ್ದರೆ ಅದನ್ನೂ ಬದಲಿಸಲೇಬೇಕು. ಹೊಸ ಸ್ವಿಚ್ಚನ್ನು ಸುಟ್ಟ ಕಪ್ಲರ್‌ಗೆ ಸಿಕ್ಕಿಸಿದರೆ ಹೊಸದೂ ಸುಡುತ್ತದೆ. ಅರ್ಧಕ್ಕರ್ಧ ಜನ ಇಲ್ಲೇ ತಪ್ಪುವುದು.

ಆಮೇಲೆ ನನ್ನ ಕಡೆಯಿಂದ ಒಂದು ಒತ್ತಾಯ. ಸೆಲ್ಫ್‌ಗೆ ಒಂದು ರಿಲೇ ಹಾಕಿ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ ಅದು. ನಾಲ್ಕು ಪಿನ್ನಿನ ಸಾದಾ 40 ಆಂಪಿಯರ್ ರಿಲೇ. ಪಿನ್ ಪಕ್ಕ ನಂಬರ್ ಇರುತ್ತದೆ: 86ಕ್ಕೆ ಕೀ ಸ್ವಿಚ್ಚಿನಿಂದ ಬರುವ ಸೆಲ್ಫ್ ವೈರ್, 85 ಬಾಡಿಗೆ ಅರ್ತ್, 30ಕ್ಕೆ ಬ್ಯಾಟರಿಯಿಂದ 30 ಆಂಪಿಯರ್ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಸೊಲೆನಾಯ್ಡ್‌ಗೆ. ವೈರ್ 4 ಸ್ಕ್ವೇರ್ ಎಂಎಂ ಇರಲಿ. ಈಗ ಸೊಲೆನಾಯ್ಡ್ ಎಳೆಯುವ ಅಷ್ಟೂ ಕರೆಂಟ್ ಕೀ ಸ್ವಿಚ್ ಒಳಗಿಂದ ಹೋಗುತ್ತಿದೆ. ರಿಲೇ ಹಾಕಿದರೆ ಸ್ವಿಚ್ ಮೇಲೆ ಬೀಳುವುದು ರಿಲೇ ಕಾಯಿಲ್ ಎಳೆಯುವ ಅರ್ಧ ಆಂಪಿಯರಿಗೂ ಕಡಿಮೆ ಕರೆಂಟ್. ರಿಲೇಯನ್ನು ಪಿನ್ ಕೆಳಮುಖ ಮಾಡಿ ಕೂರಿಸಿ, ನಿಮ್ಮ ಮಳೆಗೆ ನೀರು ನಿಲ್ಲಬಾರದು.

ಸಾಗರ 800

ಭಾನುವಾರ ಬೆಳಗ್ಗೆ ಕೂತೆವು, ಮಧ್ಯಾಹ್ನ ಊಟಕ್ಕೆ ಮುಂಚೆ ಮುಗಿಯಿತು. ತಮ್ಮನಿಗಿಂತ ಅಪ್ಪನೇ ಜಾಸ್ತಿ ಉತ್ಸಾಹದಲ್ಲಿದ್ದರು, ಟಾರ್ಚ್ ಅವರದೇ ಕೈಯಲ್ಲಿ.

ಹಳೇ ಡಬ್ಬಿ ಬಿಚ್ಚಿ ಅಡುಗೆಮನೆ ಕಟ್ಟೆಯ ಮೇಲೆ ಪೇಪರ್ ಹಾಸಿ ತೆರೆದೆ. ಗ್ರೀಸ್ ಜೋನಿಬೆಲ್ಲದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಅದರಲ್ಲಿ ತಾಮ್ರದ ಪುಡಿ ಮಿನುಗುತ್ತಿತ್ತು. ಇಗ್ನಿಷನ್ ಕಾಂಟ್ಯಾಕ್ಟ್ ಮೇಲೆ ಎಳ್ಳಿನಷ್ಟು ಒಂದು ಗುಳಿ, ಒಳಗೆ ಕಪ್ಪು. ಅದರ ಸುತ್ತಲಿನ ಪ್ಲಾಸ್ಟಿಕ್ ಮೇಣದ ಹಾಗೆ ಇಳಿದು ಟರ್ಮಿನಲ್ ಒಂದು ಕಡೆಗೆ ವಾಲಿತ್ತು. ಕೀಯನ್ನು ಮೇಲಕ್ಕೆ ಒತ್ತಿದರೆ ಯಾಕೆ ಸರಿಹೋಗುತ್ತಿತ್ತು ಅಂತ ಆಗ ಅರ್ಥವಾಯಿತು. ಅಪ್ಪ ಅದನ್ನು ಬೆರಳ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. "ಇಷ್ಟಕ್ಕೇ ನಾವು ಘಾಟಿಯಲ್ಲಿ ನಿಂತಿದ್ದಾ?" ಅಂದರು.

ಕಪ್ಲರ್‌ನ ಎರಡು ಟರ್ಮಿನಲ್ ಸುಟ್ಟಿದ್ದವು. ಇಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಹೊಸ ಕಪ್ಲರ್ ಹಾಕಿಕೊಟ್ಟರು, ಒಂದೊಂದು ವೈರನ್ನೂ ಸೋಲ್ಡರ್ ಮಾಡಿ ಶ್ರಿಂಕ್ ಟ್ಯೂಬ್ ಹಾಕಿದರು. ರಿಲೇ ಕೂಡ ಅವರೇ ಕೂರಿಸಿದರು. ನಾನು ಸುಮ್ನೆ ನೋಡುತ್ತಾ ಕಲಿತೆ.

ಮತ್ತೆ ಅಳೆದೆ. ಬ್ಲೋವರ್, ವೈಪರ್ ಹಾಕಿ 0.12. ಸ್ಟಾರ್ಟ್ ಮಾಡುವಾಗ ಸ್ವಿಚ್ಚಿನಲ್ಲಿ 0.04. ಸೆಲ್ಫ್ ಹೊಡೆಯುವ ಸದ್ದೇ ಬೇರೆ ಆಗಿದೆ. ಅರ್ಧ ಸುತ್ತಿಗೆ ಇಂಜಿನ್ ಬರುತ್ತದೆ. ಕಪ್ಲರ್ ಅರ್ಧ ಗಂಟೆ ಆದರೂ ತಣ್ಣಗಿದೆ.

ಎಲ್ಲ ಸೇರಿ ಹಾಕಿದ ದುಡ್ಡು ನಾನು ಸುಮ್ನೆ ಬದಲಿಸಿದ ಬ್ಯಾಟರಿಯ ಕಾಲು ಭಾಗವೂ ಆಗಲಿಲ್ಲ.

ಧಾರವಾಡ ಅಂಬಾಸಿಡರ್

ಬಹಳ ಸಂತೋಷ ಆಯಿತ್ರೀ. ಆ 0.12 ನಂಬರನ್ನು ಸರ್ವಿಸ್ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ವರ್ಷಕ್ಕೊಮ್ಮೆ ಅಳೆಯಿರಿ. 0.3 ದಾಟಿತು ಅಂದರೆ ಘಾಟಿಯಲ್ಲಿ ನಿಲ್ಲುವ ಮೊದಲೇ ಗೊತ್ತಾಗುತ್ತದೆ.

ಮಂಡ್ಯ ಕೀಲಿಕೈ

ಹೊಸ ಕೀಯಿಂದ ಎರಡು ನಕಲು ಮಾಡಿಸಿ, ನಕಲನ್ನು ಬಳಸಿ. ಮೂಲ ಕೀ ಮತ್ತೆ ಅಮ್ಮನ ಕರ್ಚೀಫಿಗೇ ಹೋಗಲಿ. ಸವೆದ ಕೀಯನ್ನೂ ಬಿಸಾಕಬೇಡಿ. ಇನ್ಶೂರೆನ್ಸ್ ಲೆಕ್ಕಕ್ಕೆ ಗಾಡಿ ಜೊತೆ ಬಂದ ಎರಡೂ ಕೀ ನಿಮ್ಮ ಹತ್ತಿರ ಇರಬೇಕು.

ಸಾಗರ 800

ನಿನ್ನೆಯೇ ಮಾಡಿಸಿದೆ. ಮೂಲ ಕೀ, ಸವೆದ ಕೀ ಎರಡೂ ಬೀರುವಿನಲ್ಲಿವೆ. ಗಾಡಿಯಲ್ಲಿ ಈಗ ಒಂಟಿ ಕೀ, ಒಂದು ದಾರ ಮಾತ್ರ. ಗೋಡೌನ್ ಕೀ, ಮನೆ ಕೀ ಬಾಗಿಲ ಹಿಂದಿನ ಮೊಳೆಗೆ. ಹಿತ್ತಾಳೆ ಗಣಪತಿಯನ್ನು ಅಪ್ಪ ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿದ್ದಾರೆ. ಮುಂದಿನ ವಾರ ಉಡುಪಿಗೆ ಹೊರಟಿದ್ದೇವೆ, ಆಗುಂಬೆ ಮೇಲೆಯೇ. ಮೀಟರ್ ಡಿಕ್ಕಿಯಲ್ಲಿ ಇರುತ್ತದೆ.